ದುಡ್ಡಿಗೂ ಜಾತಕ ಬೇಕು

ಹೋದ ಮಳೆಗಾಲದಲ್ಲಿ ಕಾಸರಗೋಡಿನ ಬದಿಯಡ್ಕ ಕಡೆಯ ಅಡಿಕೆ ಕೃಷಿಕರೊಬ್ಬರು ನನ್ನ ಆಫೀಸಿಗೆ ಬಂದರು. ಮಗ ಅಮೆರಿಕದಲ್ಲಿ ಬಂಡವಾಳ ಹಾಕಿ ಅಲ್ಲೇ ನೆಲೆಸಬೇಕು ಅಂತಿದ್ದಾನೆ. "ಆಡಿಟ್ರೇ, ಜಾಗ ಮಾರಿದ ದುಡ್ಡು ಉಂಟು. ಇನ್ನೆಂತ ಬೇಕು?"

"ಆ ಜಾಗ ತಗೊಳ್ಳುವಾಗ ಕೊಟ್ಟ ದುಡ್ಡು ಎಲ್ಲಿಂದ ಬಂತು?" ಎಂದು ಕೇಳಿದೆ. ಅವರಿಗೆ ಸ್ವಲ್ಪ ಸಿಟ್ಟೇ ಬಂತು.

ಬಂಡವಾಳ ಹಾಕಿ ನೆಲೆಸುವವರಿಗೆ ಇರುವ ಅಮೆರಿಕದ ಇಬಿ-5 ವೀಸಾಕ್ಕೆ 2022ರ ಕಾನೂನಿನಂತೆ 10.5 ಲಕ್ಷ ಡಾಲರ್ ಹೂಡಬೇಕು. ಹಳ್ಳಿಗಾಡು ಅಥವಾ ನಿರುದ್ಯೋಗ ಜಾಸ್ತಿ ಇರುವ ಕಡೆಯಾದರೆ 8 ಲಕ್ಷ. ಅದರಿಂದ 10 ಜನರಿಗೆ ಕೆಲಸವೂ ಸಿಗಬೇಕು. ಇದಕ್ಕಿಂತ ಅಗ್ಗದ ಇ-2 ವೀಸಾ ಮಾಡಿಸಿ ಕೊಡುತ್ತೇನೆ ಎನ್ನುವ ಏಜೆಂಟರಿಗೆ ದೂರದಿಂದಲೇ ಕೈ ಮುಗಿಯಿರಿ. ಅದಕ್ಕೆ ಬೇಕಾದ ಒಪ್ಪಂದ ಭಾರತದ ಜೊತೆ ಇಲ್ಲ. ಹೊಸ ಉದ್ಯಮ ಶುರು ಮಾಡುವವರಿಗೆ ಇರುವ ಬ್ರಿಟನ್ನಿನ ಇನ್ನೊವೇಟರ್ ಫೌಂಡರ್ ವೀಸಾಕ್ಕೆ ಇಷ್ಟೇ ಹಾಕಬೇಕು ಎಂಬ ಮೊತ್ತವಿಲ್ಲ ನಿಜ, ಆದರೆ ಐಡಿಯಾ ಹೊಸದಾಗಿರಬೇಕು. ದಿನಸಿ ಅಂಗಡಿ ಇಡುತ್ತೇನೆ ಅಂದರೆ ನಡೆಯುವುದಿಲ್ಲ.

ಹೂಡುವ ದುಡ್ಡು ನ್ಯಾಯವಾಗಿ ಎಲ್ಲಿಂದ ಬಂತು ಎಂದು ವೀಸಾ ಕೊಡುವವರಿಗೆ ಕಾಗದ ತೋರಿಸಬೇಕು. ನಮ್ಮವರು ಎಡವುವುದು ಅಲ್ಲೇ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಹಾಗಾಗಿ ಎಷ್ಟೋ ಜನ ತೆರಿಗೆ ರಿಟರ್ನನ್ನೇ ಹಾಕಿಲ್ಲ. ಅಡಿಕೆ ಕೊಟ್ಟದ್ದು ಖಾಸಗಿ ಅಂಗಡಿಗೆ, ಸಿಕ್ಕಿದ್ದು ನಗದು, ಲೆಕ್ಕ ಬರೆದದ್ದು ಕ್ಯಾಲೆಂಡರಿನ ಹಿಂದೆ. ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೋ ಊರಿನ ಸೊಸೈಟಿಗೋ ಕೊಟ್ಟವರ ಹತ್ತಿರ ಬಿಲ್ಲಾದರೂ ಇರುತ್ತದೆ. ಮೂರು ವರ್ಷದ ನಂತರ ಹೊರಡುವ ಆಲೋಚನೆ ಇದ್ದರೂ ಇವತ್ತೇ ಬಿಲ್ಲು ಕೇಳಿ, ದುಡ್ಡು ಬ್ಯಾಂಕಿಗೆ ಹಾಕಿಸಿ, ರಿಟರ್ನಿನಲ್ಲಿ ಕೃಷಿ ಆದಾಯ ತೋರಿಸಿ. ಗಲ್ಫಿನ ಅಣ್ಣ ಕೊಟ್ಟ ದುಡ್ಡಾದರೆ ಅವನ ಸಂಬಳದ ಕಾಗದ, ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು. ಹವಾಲಾದಲ್ಲಿ ಬಂದದ್ದನ್ನು ಇದಕ್ಕೆ ಸೇರಿಸಲೇಬೇಡಿ.

ಕಾಸರಗೋಡಿನವರಿಗೆ ಇನ್ನೊಂದು ತಲೆನೋವು ಹೆಸರು. ಪಾಸ್‌ಪೋರ್ಟಿನಲ್ಲಿ ಕೃಷ್ಣ, ವಿಲೇಜ್ ಆಫೀಸಿನ ಕಾಗದದಲ್ಲಿ ಕೃಷ್ಣನ್. 1956ಕ್ಕಿಂತ ಹಿಂದಿನ ದಾಖಲೆ ಕನ್ನಡದಲ್ಲಿ, ಈಗಿನದು ಮಲಯಾಳದಲ್ಲಿ. ಎರಡನ್ನೂ ಇಂಗ್ಲಿಷಿಗೆ ಮಾಡಿಸುವಾಗ ಸ್ಪೆಲ್ಲಿಂಗ್ ಬೇರೆಯಾದರೆ ಅಲ್ಲಿಯವರ ಕಣ್ಣಿಗೆ ನೀವು ಇಬ್ಬರು ಮನುಷ್ಯರು! ಅನುವಾದಕರ ಕೈಗೆ ಪಾಸ್‌ಪೋರ್ಟಿನ ನಕಲು ಮೊದಲೇ ಕೊಡಿ. ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರವನ್ನೂ ವಿಲೇಜ್ ಆಫೀಸಿನಿಂದ ಮಾಡಿಸಿಡಿ.

ಕಾಗದ ಸರಿಯಾದರೂ ದುಡ್ಡು ಒಂದೇ ಸಲ ಹೋಗುವುದಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ ಇಲ್ಲಿ ವಾಸಿಸುವ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್ ಮಾತ್ರ ಕಳಿಸಬಹುದು. ಅಪ್ಪ ಅಮ್ಮನ ಮಿತಿಯನ್ನೂ ಸೇರಿಸಿದರಾಯಿತು ಎನ್ನುತ್ತಾರೆ. ಹೂಡಿಕೆಗೆ ಹಾಗೆ ಸುಮ್ನೆ ಸೇರಿಸಲು ಬರುವುದಿಲ್ಲ, ಅವರೂ ಅದರಲ್ಲಿ ಪಾಲುದಾರರಾಗಿರಬೇಕು. ಮೇಲಾಗಿ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು 20% ಟಿಸಿಎಸ್, ಅಂದರೆ ಮುಂಗಡವಾಗಿ ಹಿಡಿಯುವ ತೆರಿಗೆ, ವಸೂಲಿ ಮಾಡುತ್ತದೆ. ರಿಟರ್ನಿನಲ್ಲಿ ಅದು ವಾಪಸ್ ಸಿಗುತ್ತದೆ, ಆದರೆ ಅಲ್ಲಿಯವರೆಗೆ ಅಷ್ಟು ದುಡ್ಡು ಕೈಯಲ್ಲಿರುವುದಿಲ್ಲ, ಅಲ್ವಾ?

ಬದಿಯಡ್ಕದವರು ಮೊನ್ನೆ ಟ್ರಂಕ್ ಹಿಡಿದುಕೊಂಡು ಬಂದರು. ಜಾಗ ತಗೊಂಡದ್ದು 2014ರಲ್ಲಿ. ಸೊಸೈಟಿಯ ರಶೀದಿ 2011ರಿಂದ ಉಂಟು, ಅದಕ್ಕೂ ಹಿಂದಿನದನ್ನು ಗೆದ್ದಲು ತಿಂದಿದೆ. ಇಬ್ಬರೂ ನೆಲದ ಮೇಲೆ ಕೂತು ವರ್ಷವಾರು ಜೋಡಿಸುತ್ತಿದ್ದೇವೆ.