ದಪ್ಪಗಿದ್ದೇನೆಂದು ಕೆಲಸ ಕೊಡದಿದ್ದರೆ ದೂರು ಕೊಡಬಹುದೇ?

ಪ್ರಶ್ನೆ: ಖಾಸಗಿ ಕಂಪನಿಯ ಸಂದರ್ಶನದಲ್ಲಿ ಎಲ್ಲ ಸುತ್ತುಗಳನ್ನೂ ದಾಟಿದ್ದೆ. ಕೊನೆಗೆ, ‘ಸ್ವಾಗತಕಾರಿಣಿಯ ಕೆಲಸಕ್ಕೆ ನಿಮ್ಮ ಮೈಕಟ್ಟು ಹೊಂದುವುದಿಲ್ಲ, ತೂಕ ಇಳಿಸಿಕೊಂಡು ಬನ್ನಿ’ ಎಂದರು. ನನಗೆ ಕಾನೂನಿನ ರಕ್ಷಣೆ ಇದೆಯೇ?

ಉತ್ತರ: ನಿಮಗೆ ಆಗಿರುವುದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೈಗಾತ್ರ ನೋಡಿ ಕೆಲಸ ನಿರಾಕರಿಸಬಾರದು ಎಂದು ನೇರವಾಗಿ ಹೇಳುವ ಕಾಯ್ದೆ ಭಾರತದಲ್ಲಿಲ್ಲ. ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳನ್ನು ಹೆಸರಿಸುತ್ತದೆ, ತೂಕದ ಮಾತಿಲ್ಲ. 14ನೇ ವಿಧಿಯ ಸಮಾನತೆಯ ಹಕ್ಕನ್ನು ಸರ್ಕಾರಿ ಸಂಸ್ಥೆಯ ವಿರುದ್ಧ ಎತ್ತಬಹುದೇ ಹೊರತು ಖಾಸಗಿ ಕಂಪನಿಯ ವಿರುದ್ಧ ಅಲ್ಲ. ಸರ್ಕಾರಿ ಸಂಸ್ಥೆಯಾದರೂ ಗೆಲುವು ಸುಲಭವಲ್ಲ. ತೂಕ ಹೆಚ್ಚಿದೆಯೆಂದು ಹಾರಾಟದ ಕೆಲಸದಿಂದ ದೂರವಿಟ್ಟದ್ದನ್ನು ಪ್ರಶ್ನಿಸಿ, ಆಗ ಸರ್ಕಾರಿ ವಿಮಾನ ಸಂಸ್ಥೆಯಾಗಿದ್ದ ಇಂಡಿಯನ್ ಏರ್‌ಲೈನ್ಸ್‌ನ ಗಗನಸಖಿಯರು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ್ದರು. 2008ರಲ್ಲಿ ತೀರ್ಪು ಬಂದದ್ದು ಸಂಸ್ಥೆಯ ಪರವಾಗಿ. ವರ್ಷಗಟ್ಟಲೆ ದುಡಿದ ಹೆಂಗಸರ ಅನುಭವಕ್ಕಿಂತ ತೂಕದ ಯಂತ್ರದ ಮುಳ್ಳು ಮುಖ್ಯವಾಯಿತಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಕುಬ್ಜತೆ ಸೇರಿದೆ, ಬೊಜ್ಜು ಸೇರಿಲ್ಲ. ಅಮೆರಿಕದ ಮಿಷಿಗನ್ ರಾಜ್ಯ ತಾರತಮ್ಯ ತಡೆಯುವ 1976ರ ಕಾಯ್ದೆಯಲ್ಲೇ ಎತ್ತರ ಮತ್ತು ತೂಕ ಎರಡನ್ನೂ ಬರೆದಿಟ್ಟಿತು. ನ್ಯೂಯಾರ್ಕ್ ನಗರವೂ 2023ರಲ್ಲಿ ಹಾಗೆಯೇ ಮಾಡಿತು. ನಮ್ಮಲ್ಲೂ ಈ ಎರಡು ಪದ ಕಾಯ್ದೆಗೆ ಬರಲೇಬೇಕು.

ಹಾಗಾದರೆ ನಿಮಗೆ ಉಳಿದ ದಾರಿ? ಅವರು ಆಡಿದ ಮಾತನ್ನೇ ಹಿಡಿಯಬೇಕು. ಮೈಕಟ್ಟಿನ ಬಗ್ಗೆ ಅವರು ಲೈಂಗಿಕ ಧಾಟಿಯಲ್ಲಿ ಮಾತನಾಡಿದ್ದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ನೆರವಿಗೆ ಬರುತ್ತದೆ. ಮಹಿಳೆಯ ದೇಹರಚನೆಯ ಬಗ್ಗೆ ಇಂಥ ಮಾತಾಡಿದ ಸಹೋದ್ಯೋಗಿಯ ಮೇಲಿನ ಕ್ರಿಮಿನಲ್ ಪ್ರಕರಣವನ್ನು ರದ್ದುಪಡಿಸಲು ಕೇರಳ ಹೈಕೋರ್ಟ್ 2025ರ ಜನವರಿಯಲ್ಲಿ ಒಪ್ಪಲಿಲ್ಲ. ‘ನಾನಿನ್ನೂ ಅಲ್ಲಿನ ಉದ್ಯೋಗಿಯಲ್ಲವಲ್ಲ’ ಎಂದು ಹಿಂಜರಿಯಬೇಡಿ. ಮಹಿಳೆ ಅಲ್ಲಿ ಕೆಲಸಕ್ಕಿದ್ದರೂ ಇಲ್ಲದಿದ್ದರೂ ಈ ಕಾಯ್ದೆಯಡಿ ದೂರು ಕೊಡಬಹುದು. ‘ತೂಕ ಇಳಿಸಿ’ ಎಂದಷ್ಟೇ ಹೇಳಿದ್ದರೆ ಮಾತ್ರ ಇದು ಉಪಯೋಗಕ್ಕೆ ಬರುವುದು ಕಷ್ಟ.

ಹತ್ತು ಅಥವಾ ಹೆಚ್ಚು ಸಿಬ್ಬಂದಿ ಇರುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು, ಇಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಿ. ದೂರಿಗೆ ಮೂರು ತಿಂಗಳ ಗಡುವಿದೆ. ಇವತ್ತೇ ಕಂಪನಿಗೆ ಇಮೇಲ್ ಕಳುಹಿಸಿ, ಆಯ್ಕೆಯಾಗದಿರಲು ಕಾರಣವೇನೆಂದು ಲಿಖಿತವಾಗಿ ಕೇಳಿ. ವಾಟ್ಸ್‌ಆ್ಯಪ್ ಸಂದೇಶಗಳಿದ್ದರೆ ಅಳಿಸಬೇಡಿ.