ಹೀಟರ್ ಬದಲಿಸುವ ಮೊದಲು ಫಿಲ್ಟರ್ ತೆಗೆದು ನೋಡಿ

ಕಳೆದ ಡಿಸೆಂಬರ್‌ನಲ್ಲಿ ಸರ್ಜಾಪುರ ರಸ್ತೆ ಕಡೆಯ ಮನೆಯೊಂದರಿಂದ ಫೋನ್ ಬಂತು. ಟೆರೇಸಿನಲ್ಲಿ ಹಾಟ್ ಟಬ್, ಅಂದರೆ ಕೂತು ಮೀಯುವ ಬಿಸಿನೀರಿನ ತೊಟ್ಟಿ, ಇಟ್ಟುಕೊಂಡವರು. "ಎರಡು ದಿನದಿಂದ ಹಾಟ್ ಟಬ್ ನೀರು ತಣ್ಣಗೇ ಇದೆ ಸರ್. ಹೀಟರ್ ಹೋಗಿರಬೇಕು, ಬರುವಾಗ ಹೊಸದು ತಂದುಬಿಡಿ" ಎಂದರು. "ಹೀಟರ್ ಆಮೇಲೆ ನೋಡೋಣ. ಮೊದಲು ಪವರ್ ಆಫ್ ಮಾಡಿ, ಫಿಲ್ಟರ್ ತೆಗೆದು ಪಕ್ಕಕ್ಕಿಡಿ, ಮತ್ತೆ ಆನ್ ಮಾಡಿ ನೋಡಿ" ಎಂದೆ. ನಾನು ಟೆರೇಸ್ ಹತ್ತುವ ಹೊತ್ತಿಗೆ ನೀರು ಬೆಚ್ಚಗಾಗತೊಡಗಿತ್ತು. ಫಿಲ್ಟರ್ ಮಡಿಕೆಗಳಲ್ಲಿ ಸುಣ್ಣ, ಎಣ್ಣೆ ಜಿಡ್ಡು, ಕೂದಲು ಎಲ್ಲ ಸೇರಿ ಗಟ್ಟಿಯಾಗಿ ಕೂತಿತ್ತು.

ಹಾಟ್ ಟಬ್ಬಿನ ಹೀಟರ್ ನಮ್ಮ ಬಾತ್‌ರೂಮಿನ ಗೀಸರ್ ಥರ ಅಲ್ಲ. ಒಂದು ಸಣ್ಣ ಕೊಳವೆಯೊಳಗೆ ಕಾಯಿಲ್ ಇರುತ್ತದೆ, ಪಂಪು ಅದರ ಮೂಲಕ ನೀರು ಹರಿಸುತ್ತಲೇ ಇರಬೇಕು. ಹರಿವು ಕಮ್ಮಿಯಾದರೆ ಕಾಯಿಲ್ ಸುಟ್ಟು ಕೊಳವೆಯೇ ಕರಗೀತು. ಅದಕ್ಕೇ ಹರಿವನ್ನು ಗಮನಿಸುವ ಫ್ಲೋ ಸ್ವಿಚ್ ಅಥವಾ ಸೆನ್ಸರ್ ಹೀಟರನ್ನು ತಾನೇ ನಿಲ್ಲಿಸುತ್ತದೆ. ಫಿಲ್ಟರ್ ಇಲ್ಲದೆ ಬಿಸಿಯಾಯಿತೆಂದರೆ ತಪ್ಪು ಫಿಲ್ಟರಿನದೇ. ಮಡಿಕೆ ಬಿಡಿಸಿ ಪೈಪಿನ ನೀರಿನಲ್ಲಿ ತೊಳೆಯಿರಿ, ಬ್ರಶ್ ಹಾಕಿ ಉಜ್ಜಬೇಡಿ. ಇನ್ನೊಂದು ಫಿಲ್ಟರ್ ಕೊಂಡಿಟ್ಟು ಅದಲು ಬದಲು ಮಾಡಿಕೊಂಡರೆ ಎರಡೂ ಜಾಸ್ತಿ ದಿನ ಬರುತ್ತವೆ.

ಆದರೂ ಬಿಸಿಯಾಗಲಿಲ್ಲವೆ? ನೀರಿನ ಮಟ್ಟ, ಮೇಲಿನ ನೀರನ್ನು ಫಿಲ್ಟರಿಗೆ ಎಳೆದುಕೊಳ್ಳುವ ಸ್ಕಿಮ್ಮರ್ ಬಾಯಿಗಿಂತ ಕೆಳಗಿದೆಯೇ ನೋಡಿ. ಇತ್ತೀಚೆಗೆ ನೀರು ಬದಲಿಸಿದ್ದರೆ ಪಂಪಿನಲ್ಲಿ ಗಾಳಿ ಹಿಡಿದಿರಬಹುದು. ಪವರ್ ಆಫ್ ಮಾಡಿ, ಪಂಪಿಗೆ ಪೈಪ್ ಜೋಡಿಸುವ ಯೂನಿಯನ್ ನಟ್ಟನ್ನು ಕೊಂಚ ಸಡಿಲಿಸಿದರೆ ಗಾಳಿ ಬುಸ್ ಅಂತ ಹೋಗುತ್ತದೆ. ನೀರು ಜಿನುಗಿದ ಕೂಡಲೇ ಬಿಗಿ ಮಾಡಿ. ಪ್ಯಾನೆಲ್ ಎಕಾನಮಿ ಮೋಡಿನಲ್ಲಿದ್ದರೆ ಫಿಲ್ಟರ್ ಓಡುವ ಹೊತ್ತಿನಲ್ಲಿ ಮಾತ್ರ ನೀರು ಕಾಯುತ್ತದೆ. ಮಕ್ಕಳು ಬಟನ್ ಒತ್ತಿ ಹೀಗಾಗಿರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಲೆಕ್ಕವೂ ಗೊತ್ತಿರಲಿ. 1,000 ಲೀಟರ್ ನೀರನ್ನು 1 ಡಿಗ್ರಿ ಏರಿಸಲು ಸುಮಾರು 1.16 ಯೂನಿಟ್ ಕರೆಂಟ್ ಬೇಕು. 3 ಕಿಲೋವಾಟ್ ಹೀಟರ್ ಗಂಟೆಗೆ ಎರಡೂವರೆ ಡಿಗ್ರಿ ಏರಿಸೀತು, ಅಷ್ಟೇ. 24ರಿಂದ 38 ಡಿಗ್ರಿಗೆ ಐದೂವರೆ ಗಂಟೆ, ಅದೂ ಮುಚ್ಚಳ ಹಾಕಿದ್ದರೆ. ವೋಲ್ಟೇಜ್ 230ರಿಂದ 190ಕ್ಕೆ ಇಳಿದರೆ ಹೀಟರಿನ ಶಕ್ತಿ ಮೂರನೇ ಒಂದು ಭಾಗದಷ್ಟು ಕಮ್ಮಿಯಾಗುತ್ತದೆ. ಸಂಜೆ ಹೊತ್ತು ಮೀಟರ್ ಹಿಡಿದು ನೋಡದೆ ನಾನು ಹೀಟರಿಗೆ ದೂರು ಹೇಳುವುದಿಲ್ಲ.

ಹೀಟರ್ ನಿಜವಾಗಿಯೂ ಹೋಗುವುದೂ ಉಂಟು. ನಮ್ಮೂರಲ್ಲಿ ಅದಕ್ಕೆ ಮುಖ್ಯ ಕಾರಣ ಬೋರ್‌ವೆಲ್ಲಿನ ಗಡಸು ನೀರು. ಕಾವೇರಿ ನೀರು ಬರದ ಬಡಾವಣೆಗಳಲ್ಲಿ ಟ್ಯಾಂಕರ್ ತಂದದ್ದೇ ನೀರು, ಅಲ್ವಾ? ಅದರಲ್ಲಿನ ಸುಣ್ಣ ಕಾಯಿಲ್ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಕಾವು ನೀರಿಗೆ ಇಳಿಯದೆ ಕಾಯಿಲಿನಲ್ಲೇ ಉಳಿದು, ಕೊನೆಗೆ ಅದರ ಮೈ ಬಿರುಕು ಬಿಡುತ್ತದೆ. ಗಡಸುತನ ಲೀಟರಿಗೆ 150ರಿಂದ 250 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಪಟ್ಟಿ ಅದ್ದಿ ನೋಡುವ ಟೆಸ್ಟ್ ಕಿಟ್ ಸಾಕು.

ಹೀಟರ್ ಚಾಲೂ ಆದ ಕ್ಷಣವೇ, ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್, ಅಂದರೆ ಆರ್‌ಸಿಸಿಬಿ ಟ್ರಿಪ್ ಆದರೆ ಯಾರೂ ನೀರಿಗಿಳಿಯಬೇಡಿ. ಬಿರುಕಿನಿಂದ ಕರೆಂಟ್ ನೀರಿಗೆ ಸೋರುತ್ತಿರಬಹುದು. ಮತ್ತೆ ಮತ್ತೆ ಮೇಲೆತ್ತಿ ನೋಡುವುದೂ ಬೇಡ, ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಫ್ಲೋ ಸ್ವಿಚ್ಚಿಗೆ ವೈರ್ ತುಂಡು ಸುತ್ತಿ ಬೈಪಾಸ್ ಮಾಡಿಕೊಡುತ್ತೇನೆ ಅನ್ನುವವರೂ ಇದ್ದಾರೆ. ದಯವಿಟ್ಟು ಒಪ್ಪಬೇಡಿ. ಅಂಥ ವೈರ್ ಕಂಡರೆ ನಾನು ಮೊದಲು ಅದನ್ನು ಕಿತ್ತು ಹಾಕಿಯೇ ಉಳಿದ ಕೆಲಸಕ್ಕೆ ಕೈ ಹಾಕುತ್ತೇನೆ.