ಉಪ್ಪುನೀರಿನಲ್ಲಿ ನೆನೆಸಿದರೆ ನ್ಯಾಪ್ಕಿನ್ ಬಣ್ಣ ನಿಲ್ಲುತ್ತದೆಯೇ?

ಪ್ರಶ್ನೆ: ಎಲಿ-ಹೂವಿನ ಪ್ರಿಂಟ್ ಇರೋ ಆರು ಕಾಟನ್ ನ್ಯಾಪ್ಕಿನ್ ತಂದೇವ್ರಿ, ಊಟದ ಟೇಬಲ್ಲಿಗೆ. ಬಣ್ಣ ಹೋಗಬಾರದಂದ್ರ ಉಪ್ಪುನೀರಾಗ ಎಷ್ಟು ತಾಸು ನೆನಿಸಬೇಕು?

ಉತ್ತರ: ಒಂದು ತಾಸೂ ಬೇಡ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಒಮ್ಮೊಮ್ಮೆ ‘ಕಲ್ಲುಪ್ಪೋ ಪುಡಿಯುಪ್ಪೋ’ ಎಂಬ ಉಪಪ್ರಶ್ನೆಯೊಂದಿಗೆ.

ಉಪ್ಪಿಗೂ ಹತ್ತಿಯ ಬಣ್ಣಕ್ಕೂ ನಂಟಿದೆ, ಆದರೆ ಅದು ಬಣ್ಣ ಹಾಕುವವರ ತೊಟ್ಟಿಯಲ್ಲಿ. 1956ರಲ್ಲಿ ಮಾರುಕಟ್ಟೆಗೆ ಬಂದ ರಿಯಾಕ್ಟಿವ್ ಬಣ್ಣಗಳಲ್ಲಿ (ನೂಲಿನೊಂದಿಗೇ ರಾಸಾಯನಿಕವಾಗಿ ಬೆಸೆಯುವಂಥವು) ಬಟ್ಟೆ ಅದ್ದುವಾಗ, ಉಪ್ಪು ಬಣ್ಣವನ್ನು ನೀರಿನಿಂದ ನೂಲಿನತ್ತ ದೂಡುತ್ತದೆ, ಅಷ್ಟೇ. ನೂಲಿಗೆ ಬೆಸೆಯುವುದು ವಾಷಿಂಗ್ ಸೋಡಾದಂಥ ಕ್ಷಾರ. ಬೆಸೆಯದೆ ಉಳಿದ ಬಣ್ಣ ನಿಮ್ಮ ಬಕೆಟ್ಟಿನ ಉಪ್ಪಿನಿಂದ ಬೆಸೆಯುವುದಿಲ್ಲ.

‘ನೀರು ತಿಳಿಯಾಗೇ ಇತ್ತಲ್ರಿ’ ಎನ್ನುತ್ತೀರಿ. ಇರುತ್ತದೆ. ಸಡಿಲ ಬಣ್ಣ ನೀರಿಗಿಳಿಯದಂತೆ ಉಪ್ಪು ತಡೆಯುತ್ತದೆ, ಹೋಗಬೇಕಾದ ಬಣ್ಣವನ್ನೇ ಬಟ್ಟೆಯಲ್ಲಿ ಕೂಡಿಹಾಕುತ್ತದೆ. ಮುಂದಿನ ಒಗೆತಕ್ಕೆ ಅದು ಬಿಳಿ ಅಂಗಿಗೆ ಹತ್ತುತ್ತದೆ. ಎರಡು-ಮೂರು ಒಗೆತದ ಮೇಲೆ ಸಡಿಲ ಬಣ್ಣ ಮುಗಿದು ತಾನಾಗಿ ನಿಂತರೆ ಹೆಸರು ಮಾತ್ರ ಉಪ್ಪಿಗೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು. ವಿನೆಗರ್ ಕಥೆಯೂ ಇಷ್ಟೇ: ಹುಳಿ ಬೇಡುವುದು ರೇಷ್ಮೆ-ಉಣ್ಣೆಯ ಬಣ್ಣ, ಹತ್ತಿಯದಲ್ಲ.

ಹಾಗಾದರೆ ಮಾಡುವುದೇನು? ಮೊದಲು ಪ್ರಿಂಟ್ ಯಾವುದೆಂದು ನೋಡಿ. ಬಿಳಿ ಬಟ್ಟೆಯ ತುಂಡನ್ನು ಒದ್ದೆ ಮಾಡಿ ಗಾಢ ಎಲೆಯ ಮೇಲೆ ಹತ್ತು ಸಲ ತಿಕ್ಕಿ, ತುಂಡಿಗೆ ಬಣ್ಣ ಹತ್ತಿದರೆ ಬಣ್ಣ ಬಿಡುತ್ತದೆ ಎಂದರ್ಥ. ಆಮೇಲೆ ಮುಟ್ಟಿ ನೋಡಿ. ಬೆರಳಿಗೆ ಎಲೆಯ ಭಾಗ ಬಿರುಸಾಗಿ, ಮೇಲೊಂದು ಪದರ ಬಳಿದಂತೆ ಹತ್ತಿದರೆ ಅದು ಪಿಗ್ಮೆಂಟ್ ಪ್ರಿಂಟ್. ಅಲ್ಲಿ ಬಣ್ಣ ನೂಲಿನೊಳಗೆ ಇಳಿದಿರುವುದಿಲ್ಲ, ಅಂಟಿನ ಆಸರೆಯಲ್ಲಿ ಮೇಲೆ ಕೂತಿರುತ್ತದೆ. ಆ ಅಂಟನ್ನು ಸುಮಾರು 150 ಡಿಗ್ರಿ ಶಾಖದಲ್ಲಿ ಸರಿಯಾಗಿ ಕಾಯಿಸದಿದ್ದರೆ ತಿಕ್ಕಿದಂತೆಲ್ಲ ಬಣ್ಣ ಉದುರುತ್ತದೆ. ಅದನ್ನು ಪ್ರಿಂಟ್ ಒಳಗೆ ಬರುವಂತೆ ಮಡಚಿ ತಣ್ಣೀರಿನಲ್ಲಿ ಒಗೆಯಿರಿ. ಬ್ರಷ್ ಬೇಡ, ಒಗೆಯುವ ಕಲ್ಲಂತೂ ಬೇಡವೇ ಬೇಡ.

ಮೃದುವಾಗಿದ್ದರೆ ಬಹುಮಟ್ಟಿಗೆ ರಿಯಾಕ್ಟಿವ್. ತಣ್ಣೀರಿನಲ್ಲಿ ಎರಡು ಸಲ ಜಾಲಿಸಿ, 60 ಡಿಗ್ರಿಯ ನೀರಿಗೆ ಸ್ವಲ್ಪ ಡಿಟರ್ಜೆಂಟ್ ಹಾಕಿ ಹತ್ತು ನಿಮಿಷ ಇಟ್ಟು, ನೀರು ತಿಳಿಯಾಗುವವರೆಗೆ ಮತ್ತೆ ಜಾಲಿಸಿ. ಗದಗಿನ ಕಡೆ ಬೋರಿನ ಸವಳು ನೀರು ಈ ಕೆಲಸಕ್ಕೆ ಒಗ್ಗದು, ಸಡಿಲ ಬಣ್ಣವನ್ನು ಅದು ಸರಿಯಾಗಿ ಬಿಡಿಸುವುದಿಲ್ಲ. ಮಳೆನೀರಿದ್ದರೆ ಚೆಂದ. ಬಟ್ಟೆ ಶೇಕಡಾ 3ರಿಂದ 5ರಷ್ಟು ಕುಗ್ಗಬಹುದು, 18 ಇಂಚಿನದು 17 ಚಿಲ್ಲರೆ ಆದರೆ ಅಂಗಡಿಯವರನ್ನು ಬೈಯಬೇಡಿ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಈ ನ್ಯಾಪ್ಕಿನ್ ಕೆಡುವುದು ಬಣ್ಣ ಹೋಗಿ ಅಲ್ಲ, ಎಣ್ಣೆಗಾಯಿ ಹತ್ತಿ. ಅರಿಶಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುತ್ತದೆ. ಗಾಬರಿಬೇಡ, ಅರಿಶಿನ ಕ್ಷಾರಕ್ಕೆ ತೋರಿಸುವ ಬಣ್ಣವದು. ಜಾಲಿಸಿದರೆ ಹಳದಿಗೆ ಮರಳುತ್ತದೆ. ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ಎಣ್ಣೆ ತೆಗೆಯಿರಿ, ಆಮೇಲೆ ಒದ್ದೆಯಿರುವಾಗಲೇ ಬಿಸಿಲಿಗೆ ಹಾಕಿ. ಅರಿಶಿನ ಬಿಸಿಲಿಗೆ ನಿಲ್ಲುವುದಿಲ್ಲ. ಪ್ರಿಂಟೂ ಬಹಳ ದಿನ ನಿಲ್ಲುವುದಿಲ್ಲ, ಹಾಗಾಗಿ ಕಲೆಯ ಜಾಗವಷ್ಟೇ ಬಿಸಿಲಿಗೆ ಬರುವಂತೆ ಮಡಚಿ ಹಾಕಿ. ಬ್ಲೀಚ್ ಮುಟ್ಟಬೇಡಿ, ಕಲೆಯ ಜೊತೆ ಎಲೆಯೂ ಹೋಗುತ್ತದೆ.